ನಾಯಿಮರಿಗೆ ಪಾಠ, ಮನೆಮಂದಿಗೆ ಪರೀಕ್ಷೆ

ಜಿ. ಪಿ. ರಾಜರತ್ನಂ ಅವರು ನಾಯಿಮರಿಯ ಮೇಲೆ ಬರೆದ ಶಿಶುಗೀತೆಯನ್ನು ಬಾಯಿಪಾಠ ಮಾಡದ ಕನ್ನಡದ ಮಗು ಸಿಗುವುದು ಕಷ್ಟ. ಆ ಪದ್ಯದ ಮರಿ ಬಲು ತಿಳಿವಳಿಕೆಯುಳ್ಳದ್ದು. ತಿಂಡಿ ಯಾಕೆ ಬೇಕು, ತಿಂದು ಏನು ಮಾಡುವೆ ಎಂದು ಕೇಳಿದರೆ ಅದೇ ಉತ್ತರ ಕೊಡುತ್ತದೆ. ಪುಣೆಯ ಫ್ಲ್ಯಾಟಿಗೆ ಬಂದಿಳಿಯುವ ಎರಡು ತಿಂಗಳ ಮರಿ ಹಾಗಲ್ಲ. ಅದು ತಿಂಡಿ ತಿನ್ನುತ್ತದೆ, ಆಮೇಲೆ ಚಪ್ಪಲಿ ತಿನ್ನುತ್ತದೆ, ಆಮೇಲೆ ಸೋಫಾದ ಮೂಲೆಗೆ ಬಾಯಿ ಹಾಕುತ್ತದೆ. ಹಾಸಿದ ಪೇಪರನ್ನು ಬಿಟ್ಟು ದೇವರ ಮನೆಯ ಬಾಗಿಲಲ್ಲೇ ಒಂದಕ್ಕೆ ಮಾಡುತ್ತದೆ. 'ಬಾ' ಎಂದರೆ ಓಡುತ್ತದೆ, 'ಹೋಗು' ಎಂದರೆ ಕಾಲಿಗೆ ಸುತ್ತಿಕೊಳ್ಳುತ್ತದೆ. ಮೂರನೆಯ ವಾರದ ಹೊತ್ತಿಗೆ ಮನೆಯವರ ತೀರ್ಪು ಹೊರಬೀಳುತ್ತದೆ: "ಭಾರಿ ಹಟಮಾರಿ ಇದು. ಹೇಳಿದ ಮಾತು ಕೇಳೋದೇ ಇಲ್ಲ."

ಈ ತೀರ್ಪನ್ನು ಇನ್ನೊಮ್ಮೆ ಪರಿಶೀಲಿಸುವುದು ಒಳ್ಳೆಯದು. ಯಾಕೆಂದರೆ ಈ ಒಂದು ಮಾತಿನ ಮೇಲೆ ಒಂದು ಜೀವದ ಮುಂದಿನ ಹತ್ತು ಹನ್ನೆರಡು ವರ್ಷ ನಿಂತಿರುತ್ತದೆ. ಹಟಮಾರಿ ಎಂದು ಹೆಸರು ಬಿದ್ದ ಮರಿಗೆ ಮೊದಲು ಪೆಟ್ಟು, ಆಮೇಲೆ ಬಾಲ್ಕನಿಯ ಸರಪಳಿ. ಕೊನೆಗೆ "ಊರಲ್ಲಿ ಹೊಲ ಇದೆ, ಅಲ್ಲೇ ಆರಾಮಾಗಿರ್ತದೆ" ಎಂಬ ಸಮಾಧಾನದೊಂದಿಗೆ ಬೀಳ್ಕೊಡುಗೆ. ಊರಿನಲ್ಲಿ ಹೊಲವೂ ಇಲ್ಲದವರ ಮರಿಗೆ ಹೈವೇ ಬದಿಯೇ ಗತಿ. ಹಾಗಾದರೆ ಹಟ ನಿಜವಾಗಿ ಯಾರದು? ಮರಿಯದೋ, ಮನೆಯವರದೋ?

ಪುಣೆಯ ಕನ್ನಡಿಗರ ಒಂದು ಸಾಮಾನ್ಯ ಮನೆಯನ್ನು ತೆಗೆದುಕೊಂಡರೆ ಸಾಕು. ಗಂಡ ಹೆಂಡತಿ ಇಬ್ಬರೂ ಹಿಂಜವಡಿಗೋ ಖರಾಡಿಗೋ ಕೆಲಸಕ್ಕೆ ಹೋಗುವವರು. ಮಗ ಇಂಗ್ಲಿಷ್ ಶಾಲೆಗೆ ಹೋಗುವವನು. ಹುಬ್ಬಳ್ಳಿಯಿಂದಲೋ ಉಡುಪಿಯಿಂದಲೋ ಬಂದ ಹಿರಿಯರು ವರ್ಷದಲ್ಲಿ ಕೆಲವು ತಿಂಗಳು ಇಲ್ಲಿಯೇ. ಬೆಳಿಗ್ಗೆ ಮನೆಗೆಲಸಕ್ಕೆ ಬರುವ ಮಾವಶಿ ಮರಾಠಿಯವರು, ಕೆಳಗೆ ಗೇಟಿನಲ್ಲಿ ಕೂತ ವಾಚ್‌ಮನ್ ಹಿಂದಿಯವನು. ಮರಿಗೆ ಕೂರುವುದನ್ನು ಕಲಿಸಬೇಕು. ಮಗ 'ಸಿಟ್' ಎನ್ನುತ್ತಾನೆ. ಮೈಸೂರು ಕಡೆಯ ತಾಯಿ 'ಕೂತ್ಕೋ' ಎನ್ನುತ್ತಾಳೆ. ಹುಬ್ಬಳ್ಳಿಯ ಅಜ್ಜ 'ಕುಂದ್ರು' ಎನ್ನುತ್ತಾರೆ. ತುಳು ಮನೆಯಾದರೆ ಅಜ್ಜಿಯ ಬಾಯಲ್ಲಿ 'ಕುಲ್ಲು'. ಮಾವಶಿ 'ಬಸ್' ಎನ್ನುತ್ತಾರೆ. ಅದೇ 'ಬಸ್' ಎಂಬ ಶಬ್ದವನ್ನು ವಾಚ್‌ಮನ್ ಹೇಳಿದರೆ ಸಾಕು, ನಿಲ್ಲಿಸು ಎಂದು ಅರ್ಥ. ಒಂದೇ ಕೆಲಸಕ್ಕೆ ಐದು ಶಬ್ದ, ಒಂದೇ ಶಬ್ದಕ್ಕೆ ಎರಡು ಅರ್ಥ! ಇಷ್ಟು ಸಾಲದೆಂಬಂತೆ ಮರಿಗೆ 'ಬ್ರೂನೋ' ಎಂದು ಹೆಸರಿಟ್ಟು, ತಪ್ಪು ಮಾಡಿದಾಗ 'ನೋ' ಎಂದು ಕೂಗುವವರೂ ಇದ್ದಾರೆ. ಹೆಸರಿನ ಕೊನೆಯ ಅಕ್ಷರವೂ ಗದರಿಕೆಯ ಶಬ್ದವೂ ಒಂದೇ ಆದರೆ, ತನ್ನನ್ನು ಕರೆಯುತ್ತಿದ್ದಾರೋ ಬಯ್ಯುತ್ತಿದ್ದಾರೋ ಎಂದು ಆ ಮರಿಗೆ ತಿಳಿಯುವುದಾದರೂ ಹೇಗೆ?

ನಾಯಿಗೆ ಭಾಷೆ ತಿಳಿಯುವುದಿಲ್ಲ, ದನಿ ಮಾತ್ರ ತಿಳಿಯುತ್ತದೆ ಎಂದು ಹೇಳುವವರುಂಟು. ಅದು ಪೂರ್ತಿ ನಿಜವಲ್ಲ. ಮೆಕ್ಸಿಕೋದಿಂದ ಹಂಗೇರಿಗೆ ವಲಸೆ ಹೋದ ಲಾರಾ ಕುವಾಯಾ ಎಂಬ ಸಂಶೋಧಕಿ ತಮ್ಮ ನಾಯಿ ಕುನ್-ಕುನ್‌ನನ್ನೂ ಜೊತೆಗೆ ಒಯ್ದರು. ಸ್ಪ್ಯಾನಿಷ್ ಮಾತ್ರ ಕೇಳಿ ಬೆಳೆದ ನಾಯಿಗೆ ಸುತ್ತಲಿನವರು ಬೇರೆ ಭಾಷೆ ಆಡುತ್ತಿರುವುದು ಗೊತ್ತಾಗುತ್ತದೆಯೇ ಎಂಬ ಪ್ರಶ್ನೆ ಅವರಿಗೆ ಬಂತು. ಬುಡಾಪೆಸ್ಟಿನ ವಿಶ್ವವಿದ್ಯಾಲಯವೊಂದರಲ್ಲಿ 18 ನಾಯಿಗಳನ್ನು ಸ್ಕ್ಯಾನ್ ಯಂತ್ರದೊಳಗೆ ಅಲುಗಾಡದೆ ಮಲಗಿರಲು ಕಲಿಸಿ, ಎರಡೂ ಭಾಷೆಗಳಲ್ಲಿ ಕಥೆ ಓದಿ ಕೇಳಿಸಿದರು. ಪರಿಚಿತ ಭಾಷೆಗೂ ಅಪರಿಚಿತ ಭಾಷೆಗೂ ಮಿದುಳು ಬೇರೆ ಬೇರೆಯಾಗಿ ಸ್ಪಂದಿಸಿತೆಂದು 2022ರಲ್ಲಿ ಪ್ರಕಟವಾದ ಆ ಅಧ್ಯಯನ ಹೇಳುತ್ತದೆ. ಪರ ಊರಿಗೆ ಬಂದು ಬೇರೆ ಭಾಷೆಯ ನಡುವೆ ಬದುಕು ಕಟ್ಟಿಕೊಂಡವರಿಗೆ ಈ ನಾಯಿಯ ಕಷ್ಟ ಅರ್ಥವಾಗದೇ ಇರಲಾರದು. ಪುಣೆಗೆ ಹೊಸದಾಗಿ ಬಂದಾಗ ತರಕಾರಿ ಮಂಡಿಯಲ್ಲಿ ಮರಾಠಿ ತಿಳಿಯದೆ ಕಣ್ಣು ಕಣ್ಣು ಬಿಟ್ಟವರನ್ನು ಯಾರೂ ಹಟಮಾರಿ ಎನ್ನಲಿಲ್ಲ.

ಭಾಷೆಯ ಗೊಂದಲ ಒಂದಾದರೆ, ನಿಯಮದ ಗೊಂದಲ ಇನ್ನೊಂದು. ಊಟದ ಮೇಜಿನ ಬಳಿ ಮರಿಗೆ ಏನೂ ಹಾಕಬಾರದೆಂದು ತಂದೆ ಕಟ್ಟುನಿಟ್ಟು ಮಾಡುತ್ತಾರೆ. ಹತ್ತು ದಿನ ಎಲ್ಲರೂ ಪಾಲಿಸುತ್ತಾರೆ. ಹನ್ನೊಂದನೆಯ ದಿನ ಅಜ್ಜಿಯ ಕರುಳು ಚುರುಕ್ ಎನ್ನುತ್ತದೆ. "ಪಾಪ, ಎಷ್ಟು ಹೊತ್ತಿನಿಂದ ನೋಡ್ತಾ ಕೂತಿದೆ" ಎಂದು ಚಪಾತಿಯ ಒಂದು ಚೂರು ಕೆಳಗೆ ಬೀಳುತ್ತದೆ. ಅಲ್ಲಿಗೆ ಹತ್ತು ದಿನದ ಪಾಠ ನೀರಿನಲ್ಲಿ ಹೋಮ. ಅಷ್ಟೇ ಅಲ್ಲ, ಹೊಸ ಪಾಠವೊಂದು ಶುರುವಾಗುತ್ತದೆ. ಅಮೆರಿಕದ ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ ಇದು ಚೆನ್ನಾಗಿ ತಿಳಿದುಬಂದಿದೆ. ಪ್ರತಿಸಲವೂ ಕಾಳು ಸಿಗುತ್ತಿದ್ದ ಹಕ್ಕಿ, ಕಾಳು ನಿಂತಾಗ ಬೇಗ ಕುಕ್ಕುವುದನ್ನು ಬಿಡುತ್ತದೆ. ಯಾವಾಗಲೋ ಒಮ್ಮೆ, ಲೆಕ್ಕವಿಲ್ಲದೆ ಕಾಳು ಸಿಗುತ್ತಿದ್ದ ಹಕ್ಕಿ ಮಾತ್ರ ಕುಕ್ಕುತ್ತಲೇ ಇರುತ್ತದೆ. ಲಾಟರಿ ಟಿಕೆಟಿನ ಚಟವೂ ಇದೇ. ಹತ್ತು ಸಲ ಇಲ್ಲವೆಂದು ಹನ್ನೊಂದನೆಯ ಸಲ ಕೊಡುವ ಮನೆಯಲ್ಲಿ ಮರಿ ಕಲಿಯುವುದು ಒಂದೇ: ಬಿಡದೆ ಕೂತರೆ ಸಿಗುತ್ತದೆ. ಅದನ್ನೇ ಮನೆಯವರು ಹಟ ಎಂದು ಕರೆಯುತ್ತಾರೆ. ಕಲಿಸಿದವರು ಅವರೇ!

ಇನ್ನು ಪೆಟ್ಟಿನ ವಿಚಾರ. ಸಂಜೆ ಏಳಕ್ಕೆ ಆಫೀಸಿನಿಂದ ಬಂದವರು ಹರಿದ ದಿಂಬನ್ನು ಕಂಡು ಕೂಗಾಡುತ್ತಾರೆ. ಮರಿ ಕಿವಿ ಹಿಂದಕ್ಕೆ ಹಾಕಿ, ಬಾಲ ಮುದುಡಿ ಮೂಲೆ ಸೇರುತ್ತದೆ. "ನೋಡು, ತಪ್ಪು ಮಾಡಿದ್ದು ಅದಕ್ಕೇ ಗೊತ್ತು" ಎನ್ನುತ್ತಾರೆ. ನ್ಯೂಯಾರ್ಕಿನ ಬರ್ನಾರ್ಡ್ ಕಾಲೇಜಿನ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಪ್ರಕಟಿಸಿದ ಅಧ್ಯಯನ ಈ ನಂಬಿಕೆಯನ್ನು ಅಲುಗಾಡಿಸಿತು. ತಪ್ಪೇ ಮಾಡದ ನಾಯಿಯೂ ಯಜಮಾನ ಗದರಿದರೆ ಅದೇ ಅಪರಾಧಿ ಮುಖ ಮಾಡುತ್ತದೆ. ಅದು ಪಶ್ಚಾತ್ತಾಪವಲ್ಲ, ಎದುರಿನ ಕೋಪಕ್ಕೆ ಹೆದರಿಕೆ. ಮಧ್ಯಾಹ್ನ ಹರಿದ ದಿಂಬಿಗೂ ಸಂಜೆ ಬಿದ್ದ ಏಟಿಗೂ ಸಂಬಂಧವಿದೆಯೆಂದು ಮರಿಗೆ ತಿಳಿಯುವುದಿಲ್ಲ. ಯಜಮಾನ ಮನೆಗೆ ಬಂದಾಗ ಹೆದರಬೇಕೆಂಬುದನ್ನು ಮಾತ್ರ ಅದು ಕಲಿಯುತ್ತದೆ. ಮರುದಿನ 'ಬಾ' ಎಂದಾಗ ಓಡಿಹೋಗುವುದು ಇದಕ್ಕೇ.

ವಯಸ್ಸಿನ ಧರ್ಮ ಎಂಬುದೂ ಒಂದಿದೆ. ಮರಿಗೆ 28 ಹಾಲುಹಲ್ಲು. ನಾಲ್ಕರಿಂದ ಏಳು ತಿಂಗಳ ನಡುವೆ ಅವು ಬಿದ್ದು 42 ಹಲ್ಲು ಬರುತ್ತವೆ. ವಸಡು ತುರಿಸುವ ಆ ಕಾಲದಲ್ಲಿ ಕಚ್ಚಲು ಏನಾದರೂ ಕೊಡಲೇಬೇಕು, ಕೊಡದಿದ್ದರೆ ಚಪ್ಪಲಿ ಹೋಗುತ್ತದೆ. ಎರಡು ತಿಂಗಳ ಮರಿ ಎರಡು ಮೂರು ಗಂಟೆಗಿಂತ ಹೆಚ್ಚು ಮೂತ್ರ ತಡೆಯಲಾರದು. ಏಳನೆಯ ಮಹಡಿಯಿಂದ ಲಿಫ್ಟಿಗೆ ಕಾಯುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ನಿದ್ದೆಯಿಂದ ಎದ್ದೊಡನೆ, ಉಂಡೊಡನೆ, ಆಡಿದೊಡನೆ ಗೊತ್ತಾದ ಜಾಗಕ್ಕೆ ಒಯ್ಯುವುದು, ಅಲ್ಲಿ ಮಾಡಿದರೆ ಕೂಡಲೇ ಹೊಗಳಿ ಒಂದು ತುಣುಕು ಕೊಡುವುದು, ಇದಕ್ಕಿಂತ ಬೇರೆ ಮಂತ್ರವಿಲ್ಲ. ಎಂಟು ತಿಂಗಳಾದಾಗ ಇನ್ನೊಂದು ಕಂಟಕ. ಇಂಗ್ಲೆಂಡಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ಸಂಶೋಧಕರು ಮತ್ತವರ ಸಂಗಡಿಗರು 2020ರಲ್ಲಿ ತಿಳಿಸಿದಂತೆ, ಐದು ತಿಂಗಳಿನಲ್ಲಿ ಮಾತು ಕೇಳುತ್ತಿದ್ದ ನಾಯಿಗಳು ಎಂಟನೆಯ ತಿಂಗಳಿಗೆ ಸಾಕಿದವರ ಮಾತನ್ನೇ ಕೇಳುವುದಿಲ್ಲ. ಅಪರಿಚಿತರು ಹೇಳಿದರೆ ಕೇಳುತ್ತವೆ! ಹರೆಯದ ಮಕ್ಕಳಿರುವ ಮನೆಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ವರ್ಷ ತುಂಬುವ ಹೊತ್ತಿಗೆ ಅದು ತಿಳಿಯಾಗುತ್ತದೆ. ಹಾಗಿರುವಾಗ ಆ ನಾಲ್ಕು ತಿಂಗಳಿನಲ್ಲೇ ನಾಯಿಯನ್ನು ಬಿಟ್ಟುಬಿಡುವುದು ನ್ಯಾಯವೇ?

ಕನ್ನಡಿಗರ ಮನೆಗಳಲ್ಲಿ ಈ ಪ್ರಶ್ನೆಗೆ ಒಂದು ವಿಶೇಷ ಕಾರಣವೂ ಇದೆ. ಅದು ಮುಧೋಳದ ನಾಯಿ. ಕವಿಚಕ್ರವರ್ತಿ ರನ್ನನ ನಾಡಾದ ಮುಧೋಳ ಒಂದು ಕಾಲಕ್ಕೆ ಘೋರ್ಪಡೆ ಮನೆತನದ ಮರಾಠಾ ಸಂಸ್ಥಾನವಾಗಿತ್ತು. ಸ್ವಾತಂತ್ರ್ಯಾನಂತರ 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿ, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂತು. ಈಗ ಬಾಗಲಕೋಟೆ ಜಿಲ್ಲೆಯಲ್ಲಿದೆ. ರಾಜಾ ಮಾಲೋಜಿರಾವ್ ಘೋರ್ಪಡೆ ಈ ತಳಿಯನ್ನು ಕಾಪಾಡಿ, ಇಂಗ್ಲೆಂಡಿನ ದೊರೆ ಐದನೆಯ ಜಾರ್ಜ್‌ಗೆ ಒಂದು ಜೋಡಿಯನ್ನು ಕಾಣಿಕೆ ಕೊಟ್ಟರು. ಇದೇ ನಾಯಿಯನ್ನು ಮಹಾರಾಷ್ಟ್ರದಲ್ಲಿ ಕಾರವಾನಿ ಎನ್ನುತ್ತಾರೆ. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರದ ಅಂಚೆಚೀಟಿ ತಂದಿತು. 2016ರಲ್ಲಿ ಸೈನ್ಯ ಮೀರತ್‌ನ ಕೇಂದ್ರದಲ್ಲಿ ಮುಧೋಳ ಮರಿಗಳಿಗೆ ತರಬೇತಿ ಆರಂಭಿಸಿತು. 2020ರ ಆಗಸ್ಟಿನ 'ಮನ್ ಕಿ ಬಾತ್'ನಲ್ಲಿ ಪ್ರಧಾನಿ ಇದರ ಹೆಸರು ಹೇಳಿದರು. ಅಂದಿನಿಂದ ಬಹಳ ಜನರಿಗೆ ಮನೆಯಲ್ಲೊಂದು ಮುಧೋಳ ಮರಿ ಇರಲಿ, ಅದು 'ನಮ್ಮ ನಾಯಿ' ಎಂಬ ಅಭಿಮಾನ ಹುಟ್ಟಿದರೆ ಆಶ್ಚರ್ಯವಿಲ್ಲ.

ಅಭಿಮಾನ ಒಳ್ಳೆಯದೇ. ಆದರೆ ಅಭಿಮಾನದ ಮೇಲೆ ನಾಯಿ ಸಾಕಲಾಗದು. ಮುಧೋಳ ನಾಯಿ ಬಯಲುಸೀಮೆಯಲ್ಲಿ ಮೊಲದ ಬೆನ್ನು ಹತ್ತಿ ಓಡಲೆಂದೇ ತಲೆಮಾರುಗಳಿಂದ ಆಯ್ದು ಬೆಳೆಸಿದ ತಳಿ. ಅದು ಕಣ್ಣಿನಿಂದ ಬೇಟೆಯಾಡುತ್ತದೆ. ದೂರದಲ್ಲಿ ಏನೋ ಅಲುಗಾಡಿತೆಂದರೆ ಕಿವಿ ಮುಚ್ಚಿದಂತೆಯೇ. ವೇತಾಳ ಟೇಕಡಿಯಲ್ಲೋ ತಳಜಾಯಿ ಗುಡ್ಡದಲ್ಲೋ ಹಗ್ಗ ಬಿಚ್ಚಿ ಬಿಟ್ಟು, ಅದು ನವಿಲಿನ ಹಿಂದೆ ಓಡಿತೆಂದು ಬಯ್ದರೆ ಪ್ರಯೋಜನವಿಲ್ಲ. ತಪ್ಪು ಹಗ್ಗ ಬಿಚ್ಚಿದವರದು. ಕರೆದೊಡನೆ ಬರಬೇಕಾದರೆ ಬೇಲಿಯಿರುವ ಜಾಗದಲ್ಲಿ, ಉದ್ದ ಹಗ್ಗ ಕಟ್ಟಿ, ತಿಂಗಳುಗಟ್ಟಲೆ ಅಭ್ಯಾಸ ಮಾಡಿಸಬೇಕು. ಅಪರಿಚಿತರು ಮೈ ಮುಟ್ಟುವುದು ಈ ನಾಯಿಗೆ ಹಿಡಿಸದು, ಗದರಿಕೆಗೆ ಬೇಗ ಮುದುಡಿಕೊಳ್ಳುತ್ತದೆ. ಬೆಳಿಗ್ಗೆ ಸಂಜೆ ಚೆನ್ನಾಗಿ ಓಡಾಡಿಸಲಾಗದ ಮನೆಗೆ ಅದನ್ನು ತರದಿರುವುದೇ ನಿಜವಾದ ಅಭಿಮಾನ. ಅಂಥವರು ಬೀದಿಯ ಮರಿಯೊಂದನ್ನು ದತ್ತು ತೆಗೆದುಕೊಂಡರೆ ಇಬ್ಬರಿಗೂ ಸುಖ.

ಸೈನ್ಯದ ಮಾತು ಬಂದಿತಲ್ಲ, ಅಲ್ಲಿಂದ ಕಲಿಯಬೇಕಾದದ್ದು ಬೇರೆಯೇ ಇದೆ. ಅಲ್ಲಿ ನಾಯಿಗೊಬ್ಬ ಹ್ಯಾಂಡ್ಲರ್ ಇರುತ್ತಾನೆ, ನಾಯಿಯ ಜೊತೆಗೆ ಅವನೂ ತರಬೇತಿ ಪಡೆಯುತ್ತಾನೆ. ಆದೇಶ ಒಂದೇ ಬಾಯಿಂದ, ಒಂದೇ ಶಬ್ದದಲ್ಲಿ ಬರುತ್ತದೆ. ಪುಣೆಯಲ್ಲಿ ಮನೆಗೆ ಬಂದು ಕಲಿಸುವ ಟ್ರೇನರುಗಳಿಗೆ ಕೊರತೆಯಿಲ್ಲ. ಆದರೆ ಬಹಳ ಮನೆಗಳ ದೂರು ಒಂದೇ: "ಅವರು ಹೇಳಿದರೆ ಕೂರುತ್ತದೆ, ನಾವು ಹೇಳಿದರೆ ಇಲ್ಲ." ಯಾಕೆಂದರೆ ಕಲಿತದ್ದು ನಾಯಿ ಮಾತ್ರ. ಟ್ರೇನರ್ ಬಂದ ಆ ಒಂದು ಗಂಟೆ ಮನೆಯವರು ಮೊಬೈಲ್ ನೋಡುತ್ತಾ ಕೂತಿದ್ದರು. ಯಜಮಾನ ನಾಯಿಗೆ ಹೇಳಿದ, ನಾಯಿ ಬಾಲಕ್ಕೆ ಹೇಳಿತು ಎಂಬ ಗಾದೆಯನ್ನು ಇಲ್ಲಿ ತಿರುಗಿಸಿ ಹೇಳಬೇಕು. ಯಜಮಾನನೇ ತನ್ನ ಕೆಲಸವನ್ನು ಬೇರೆಯವರಿಗೆ ಹೇಳಿದ.

"ಹಳ್ಳಿಯಲ್ಲಿ ನಾಯಿಗೆ ಯಾರು ಟ್ರೇನಿಂಗ್ ಕೊಡುತ್ತಿದ್ದರು? ತಾನಾಗಿ ಬೆಳೆಯುತ್ತಿರಲಿಲ್ಲವೇ?" ಎಂದು ಹಿರಿಯರು ಕೇಳುತ್ತಾರೆ. ಕೇಳುವುದು ಸಹಜವೇ. ಆದರೆ ಹಳ್ಳಿಯ ಮರಿಗೆ ಓಣಿಯೇ ಶಾಲೆ, ದೊಡ್ಡ ನಾಯಿಗಳೇ ಮಾಸ್ತರರು. ಬೇಕಾದಾಗ ಹೊರಗೆ ಹೋಗಿಬರುತ್ತಿತ್ತು. ಲಿಫ್ಟಿಗೆ ಕಾಯಬೇಕಾಗಿರಲಿಲ್ಲ, ಒಂಬತ್ತು ಗಂಟೆ ಬಾಗಿಲು ಹಾಕಿದ ಮನೆಯಲ್ಲಿ ಒಂಟಿಯಾಗಿರಬೇಕಾಗಿರಲಿಲ್ಲ. ಫ್ಲ್ಯಾಟಿನ ಮರಿಯಿಂದ ಬಯಸುವುದರಲ್ಲಿ ಕಾಲು ಭಾಗವನ್ನೂ ಆ ಮರಿಯಿಂದ ಯಾರೂ ಬಯಸಿರಲಿಲ್ಲ.

ಹಾಗಾದರೆ ಮಾಡಬೇಕಾದದ್ದೇನು? ಮೊದಲು ಮನೆಮಂದಿಯೆಲ್ಲ ಕೂತು ಐದಾರು ಶಬ್ದಗಳನ್ನು ಒಪ್ಪಿಕೊಂಡು, ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸುವುದು. ಮಾವಶಿಗೂ ವಾಚ್‌ಮನ್‌ಗೂ ಅದನ್ನೇ ಹೇಳಿಕೊಡುವುದು. ಶಬ್ದಗಳು ಒಂದಕ್ಕೊಂದು ಹೋಲಬಾರದು. 'ಬೇಡ' ಮತ್ತು 'ಬಿಡು' ಎರಡನ್ನೂ ಇಟ್ಟುಕೊಂಡರೆ ಮರಿ ತಬ್ಬಿಬ್ಬಾಗುತ್ತದೆ. 'ಬಿಡು' ಎನ್ನುವಲ್ಲಿ 'ಕೊಡು' ಎಂದರೆ ತೊಂದರೆಯಿಲ್ಲ. ಭಾಷೆ ಯಾವುದಾದರೂ ನಾಯಿಗೆ ಒಂದೇ. ಆದರೆ ರಾತ್ರಿ ಹತ್ತಕ್ಕೆ, ಮೈ ಸೋತಾಗ, ಯೋಚಿಸದೆ ಬಾಯಿಂದ ಬರುವ ಭಾಷೆಯೇ ಆದೇಶದ ಭಾಷೆಯಾಗಿರಬೇಕು. ಇಲ್ಲದಿದ್ದರೆ ಹಗಲಿಗೊಂದು, ರಾತ್ರಿಗೊಂದು ಶಬ್ದವಾಗುತ್ತದೆ. ಕನ್ನಡಿಗರ ಮನೆಯಲ್ಲಿ ಆ ಭಾಷೆ ಕನ್ನಡವೇ ಅಲ್ಲವೇ? ಕೂತ್ಕೋ ಎಂದಾಗಲಿ ಕುಂದ್ರು ಎಂದಾಗಲಿ, ಒಂದನ್ನು ಆರಿಸಿಕೊಂಡರೆ ಸಾಕು. ಮನೆಯಲ್ಲಿ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಮಗನೂ ನಾಯಿಯ ನೆಪದಲ್ಲಿ ದಿನಕ್ಕೆ ಐವತ್ತು ಸಲ ಕನ್ನಡ ಆಡಿದರೆ ಅದು ಬಡ್ಡಿಯ ಮೇಲಿನ ಲಾಭ.

ಎರಡನೆಯದು ದಿನನಿತ್ಯದ ಅಭ್ಯಾಸ. ಭಾನುವಾರ ಎರಡು ಗಂಟೆ ಕಲಿಸಿ ಆರು ದಿನ ಬಿಟ್ಟರೆ ಏನೂ ಉಳಿಯದು. ದಿನಕ್ಕೆ ಮೂರು ಸಲ ಐದೈದು ನಿಮಿಷ ಸಾಕು. ಉಡುಪಿಯ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿದಾಗ ದಿನಕ್ಕೆ ಎರಡಾಣೆ ಕಟ್ಟಿದರೂ ಸಾಕಾಗಿತ್ತು. ಏಜೆಂಟರು ಮನೆ ಬಾಗಿಲಿಗೆ ಬಂದು ಒಯ್ಯುತ್ತಿದ್ದರು. 2020ರಲ್ಲಿ ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಆದರೆ ಪಿಗ್ಮಿ ಕಲಿಸಿದ ಪಾಠ ಹಳೆಯದಾಗಿಲ್ಲ. ಆ ಎರಡಾಣೆಯಿಂದ ಮಕ್ಕಳ ಫೀಸು ಕಟ್ಟಿದವರು, ಮದುವೆ ಮಾಡಿದವರು ಕರಾವಳಿಯಲ್ಲಿ ಎಷ್ಟೋ ಜನ. ಮರಿಯ ತರಬೇತಿಯೂ ಪಿಗ್ಮಿ ಖಾತೆಯೇ. ಮೊತ್ತ ಸಣ್ಣದು, ಆದರೆ ಕಂತು ತಪ್ಪುವಂತಿಲ್ಲ. ಅಜ್ಜಿಯ ಚಪಾತಿ ಚೂರು ಅದರಿಂದ ಹಣ ತೆಗೆದಂತೆ.

ಮೂರನೆಯದು ಕಾನೂನು ಮತ್ತು ನೆರೆಹೊರೆ. 2017ರ ಕೇಂದ್ರದ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ತಾಯಿಯ ಜೊತೆ ಇದ್ದು ಕಲಿಯಬೇಕಾದದ್ದನ್ನು ಕಲಿಯದೆ ಬಂದ ಮರಿಗೆ ಕಚ್ಚುವ ಚಟ ಹೆಚ್ಚು. ಮಹಾನಗರಪಾಲಿಕೆಯ ಪರವಾನಗಿ, ಪ್ರತಿವರ್ಷ ರೇಬೀಸ್ ಲಸಿಕೆ ತಪ್ಪಿಸುವಂತಿಲ್ಲ. ನಾಯಿ ಸಾಕುವುದನ್ನೇ ಸೊಸಾಯಿಟಿ ನಿಷೇಧಿಸುವಂತಿಲ್ಲವೆಂದು ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಸ್ಪಷ್ಟಪಡಿಸಿದೆ. ಹಾಗೆಂದು ಲಿಫ್ಟಿನಲ್ಲಿ ಹಗ್ಗವಿಲ್ಲದೆ ಒಯ್ಯುವುದು, ಅಂಗಳದಲ್ಲಿ ಹೊಲಸು ಬಿಟ್ಟು ಹೋಗುವುದು ಹಕ್ಕಲ್ಲ. ಸಾಕಿದ ಪ್ರಾಣಿಯನ್ನು ಅನಾಥವಾಗಿ ಬಿಡುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧ. 2025ರಲ್ಲಿ ಬೀದಿನಾಯಿಗಳ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಗಿ ದೇಶವೆಲ್ಲ ವಾದ ಮಾಡಿತು. ಮನೆಯಿಂದ ಹೊರಹಾಕಿದ ನಾಯಿಯೂ ಬೀದಿಯ ನಾಯಿಯೇ ಆಗುತ್ತದೆ ಎಂಬುದನ್ನು ಆ ಗಲಾಟೆಯಲ್ಲಿ ಬಹಳ ಮಂದಿ ಮರೆತರು. ಬೀದಿಯಲ್ಲಿ ಹುಟ್ಟಿದ ನಾಯಿಗೆ ಬೀದಿಯಲ್ಲಿ ಬದುಕುವ ವಿದ್ಯೆ ಗೊತ್ತು, ಸೋಫಾದ ಮೇಲೆ ಬೆಳೆದದ್ದಕ್ಕೆ ಅದೂ ಗೊತ್ತಿಲ್ಲ.

ಪುಣೆಯ ಕನ್ನಡ ಸಂಘಗಳು ವರ್ಷವಿಡೀ ಯಕ್ಷಗಾನ, ರಂಗೋಲಿ ಸ್ಪರ್ಧೆ, ಆರೋಗ್ಯ ಶಿಬಿರ, ರಾಜ್ಯೋತ್ಸವ ಎಂದು ಕಾರ್ಯಕ್ರಮ ನಡೆಸುತ್ತವೆ. ವರ್ಷಕ್ಕೊಂದು ಭಾನುವಾರ, ನಾಯಿ ಸಾಕುವ ಮತ್ತು ಸಾಕಬೇಕೆಂದಿರುವ ಸದಸ್ಯರಿಗಾಗಿ ಪಶುವೈದ್ಯರೊಬ್ಬರನ್ನು ಕರೆಸಿದರೆ ಖರ್ಚು ಒಂದು ಚಹಾ ತಿಂಡಿಯದ್ದು ಮಾತ್ರ. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ಊರಿಗೆ ಹೋಗುವಾಗ ಮರಿ ತರಬೇಕೆಂದಿರುವವರು ಮೊದಲು ಅಲ್ಲಿಗೆ ಬರಿಗೈಯಲ್ಲಿ ಹೋಗಿ, ವಿಚಾರಿಸಿ, ಬರಿಗೈಯಲ್ಲೇ ಹಿಂತಿರುಗಲಿ. ಮನೆಯವರೆಲ್ಲ ಒಂದು ತಿಂಗಳು ಯೋಚಿಸಲಿ. ಬೆಳಿಗ್ಗೆ ಐದೂವರೆಗೆ ಏಳುವವರು ಯಾರು, ದೀಪಾವಳಿಗೆ ಊರಿಗೆ ಹೋದಾಗ ನೋಡಿಕೊಳ್ಳುವವರು ಯಾರು, ಎಂಟನೆಯ ತಿಂಗಳಿನ ಹರೆಯವನ್ನು ಸಹಿಸುವವರು ಯಾರು ಎಂಬುದಕ್ಕೆ ಹೆಸರು ಹೇಳಿ ಉತ್ತರ ಕೊಡಲಿ. ಉತ್ತರ ಸಿಕ್ಕರೆ ಮರಿ ಬರಲಿ, ಸಿಗದಿದ್ದರೆ ಬೇಡ.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಮರಿಯನ್ನು ನೋಡಿ ಹೇಳುವುದು ವಾಡಿಕೆ. ಮರಿ ಗಿಡವೇ, ಬಗ್ಗುತ್ತದೆ. ನಲವತ್ತು ವರ್ಷದ ಮರಗಳು ಚಪಾತಿ ಚೂರಿನ ವಿಷಯದಲ್ಲಿ ಸ್ವಲ್ಪ ಬಗ್ಗಿದರೆ ಉಳಿದ ಕೆಲಸವನ್ನು ಅದೇ ಮಾಡಿಕೊಳ್ಳುತ್ತದೆ.